ಅಂಕೋರಿನ ಕೆರೆ, ವಿಜಯಪುರದ ಬಾವಡಿ

ವಿಜಯಪುರದ ಗಾಂಧಿ ಚೌಕದಿಂದ ಪೂರ್ವಕ್ಕೆ ಹೊರಟ ಪ್ರವಾಸಿಯ ಕಣ್ಣು ಗೋಳಗುಮ್ಮಟದ ಮೇಲಿರುತ್ತದೆ, ಪಶ್ಚಿಮಕ್ಕೆ ಹೊರಟವನ ಕಣ್ಣು ಇಬ್ರಾಹಿಂ ರೋಜಾದ ಮಿನಾರುಗಳ ಮೇಲೆ. ರೋಜಾಕ್ಕೆ ಹೋಗುವ ಅದೇ ದಿಕ್ಕಿನಲ್ಲಿ, ಮಕ್ಕಾ ದರ್ವಾಜಾದ ಹತ್ತಿರ, ತಾಜ್ ಬಾವಡಿ ಇದೆ. ಸುಮಾರು 223 ಅಡಿ ಚೌಕ, 52 ಅಡಿ ಆಳ. ಬಾಗಿಲಿಗೆ ಭಾರಿ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಬುರುಜು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ್ದು. ರೋಜಾದ ನಿರ್ಮಾಣಕ್ಕೂ ಇದೇ ಮಲಿಕ್ ಸಂದಲನ ಹೆಸರು ಅಂಟಿಕೊಂಡಿದೆ. ಒಬ್ಬನೇ ಮನುಷ್ಯ ಒಂದು ಗೋರಿಯನ್ನೂ ಒಂದು ಬಾವಿಯನ್ನೂ ಕಟ್ಟಿದ; ಗೋರಿ ಪಠ್ಯಪುಸ್ತಕ ಸೇರಿತು, ಬಾವಿ ಊರಿನ ಕಸ ತುಂಬಿಕೊಂಡಿತು. ಈ ಎರಡರಲ್ಲಿ ವಿಜಯಪುರ ಎಂಥ ನಗರವಾಗಿತ್ತು, ಹೇಗೆ ಹಾಳಾಯಿತು ಎಂಬುದನ್ನು ನೆಟ್ಟಗೆ ಹೇಳುವುದು ಬಾವಿಯೇ ಎನ್ನುವುದು ಈ ಲೇಖನದ ವಾದ. ವಾದವನ್ನು ಬೆಳೆಸಲು ಸ್ವಲ್ಪ ದೂರ ಹೋಗಿ ಬರಬೇಕು, ಕಾಂಬೋಡಿಯಾದವರೆಗೆ. ಅಲ್ಲಿ ಒಂದು ಹಾಳೂರನ್ನು ಓದುವ ಕ್ರಮವೇ ಕಳೆದ ಐವತ್ತು ವರ್ಷಗಳಲ್ಲಿ ಬುಡಮೇಲಾಗಿದೆ.

ಕಾಂಬೋಡಿಯಾದ ಖ್ಮೇರ್ ರಾಜ್ಯದ ಕಥೆಯನ್ನು ಸಾಮಾನ್ಯವಾಗಿ ಕ್ರಿ.ಶ. 802ರಿಂದ ಶುರು ಮಾಡುತ್ತಾರೆ. ಆ ವರ್ಷ ಎರಡನೇ ಜಯವರ್ಮನ್ ಕುಲೇನ್ ಬೆಟ್ಟದ ಮೇಲೆ ಚಕ್ರವರ್ತಿಯಾಗಿ ಅಭಿಷಿಕ್ತನಾದನೆಂದು ನಂತರದ ಶಾಸನಗಳು ಹೇಳುತ್ತವೆ. ಒಂಬತ್ತನೇ ಶತಮಾನದ ಕೊನೆಗೆ ಯಶೋವರ್ಮನ್ ರಾಜಧಾನಿಯನ್ನು ಬಯಲಿಗೆ ಇಳಿಸಿದ. ಊರಿನ ಹೆಸರು ಯಶೋಧರಪುರ, ಈಗ ನಾವು ಅಂಕೋರ್ ಎನ್ನುವುದು. ಎರಡನೇ ಸೂರ್ಯವರ್ಮನ್ ಹನ್ನೆರಡನೇ ಶತಮಾನದ ಮೊದಲ ಅರ್ಧದಲ್ಲಿ ವಿಷ್ಣುವಿಗಾಗಿ ಅಂಕೋರ್ ವಾಟ್ ಕಟ್ಟಿಸಿದ. 1181ರಲ್ಲಿ ಪಟ್ಟಕ್ಕೆ ಬಂದ ಏಳನೇ ಜಯವರ್ಮನ್ ಬೌದ್ಧ. ಬಾಯೋನಿನ ಮುಖಗೋಪುರಗಳು, ತಾ ಪ್ರೋಮ್, ಪ್ರಿಯಾ ಖಾನ್ ಅವನ ಕಾಲದವು. 1431ರಲ್ಲಿ ಅಯುತ್ಥಯದ ಸೈನ್ಯ ನಗರವನ್ನು ಹಿಡಿಯಿತು, ಅಲ್ಲಿಗೆ ಕಥೆ ಮುಗಿಯಿತು ಎಂದು ಬಹುಕಾಲ ನಂಬಲಾಗಿತ್ತು. 1860ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ ಆನ್ರಿ ಮೂಓ ಬರೆದಿಟ್ಟ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ ಯುರೋಪಿನಲ್ಲಿ ಪ್ರಕಟವಾಗಿ, ಕಾಡು ನುಂಗಿದ ಮಹಾನಗರ ಎಂಬ ಚಿತ್ರವನ್ನು ಜಗತ್ತಿನ ತಲೆಯಲ್ಲಿ ಕೂರಿಸಿದವು. ಈ ಚಿತ್ರದಲ್ಲಿ ಕಲ್ಲು ಇದೆ, ಬೇರು ಇದೆ, ರಾಜರಿದ್ದಾರೆ. ಇಷ್ಟು ದೊಡ್ಡ ಊರಿನ ಜನ ಏನು ತಿಂದರು, ಏನು ಕುಡಿದರು ಎಂಬ ಪ್ರಶ್ನೆ ಮಾತ್ರ ಇಲ್ಲ.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವನು ಬರ್ನಾರ್ ಫಿಲಿಪ್ ಗ್ರೋಲಿಯೇ. ಅಂಕೋರಿನ ಸಂರಕ್ಷಣೆಯ ಹೊಣೆ ಹೊತ್ತಿದ್ದ ಆ ಫ್ರೆಂಚ್ ವಿದ್ವಾಂಸ, ದೇವಾಲಯಗಳ ಸುತ್ತಲಿನ ಅಗಾಧ ಕೆರೆಗಳೇ ಈ ನಾಗರಿಕತೆಯ ಬುನಾದಿ, ಇದು ‘ಜಲನಗರ’ ಎಂದು ವಾದಿಸಿದ. ಕೆರೆಗಳ ಅಳತೆ ಕೇಳಿದರೆ ವಾದಕ್ಕೆ ತೂಕ ಬರುತ್ತದೆ. ಖ್ಮೇರರು ಬರಾಯ್ ಎಂದು ಕರೆಯುವ ಈ ಕೆರೆಗಳಲ್ಲಿ ಯಶೋವರ್ಮನ್ ಕಟ್ಟಿಸಿದ ಪೂರ್ವ ಬರಾಯ್ ಸುಮಾರು ಏಳೂವರೆ ಕಿಲೋಮೀಟರ್ ಉದ್ದ. ಹನ್ನೊಂದನೇ ಶತಮಾನದ ಪಶ್ಚಿಮ ಬರಾಯ್ ಸುಮಾರು ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿಗೂ ಹೆಚ್ಚು ಅಗಲ. ಇವುಗಳನ್ನು ನೆಲ ಅಗೆದು ಮಾಡಿಲ್ಲ, ನೆಲದ ಮೇಲೆ ನಾಲ್ಕೂ ಕಡೆ ಏರಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಹೀಗಾಗಿ ನೀರು ಹೊಲಗಳಿಗಿಂತ ಎತ್ತರದಲ್ಲಿರುತ್ತದೆ, ತೂಬು ಬಿಟ್ಟರೆ ತಾನಾಗಿ ಇಳಿಯುತ್ತದೆ. ಕುಲೇನ್ ಬೆಟ್ಟದಿಂದ ಬರುವ ನದಿಯನ್ನು ತಿರುಗಿಸಿ, ಕಾಲುವೆಗಳ ಮೂಲಕ ಈ ಕೆರೆಗಳಿಗೂ ದೇವಾಲಯದ ಕಂದಕಗಳಿಗೂ ಹಂಚಿದರು. ಆ ಹೊಳೆಯ ಮೇಲ್ಭಾಗದಲ್ಲಿ, ಕ್ಬಾಲ್ ಸ್ಪಿಯನ್ ಎಂಬಲ್ಲಿ, ಹರಿಯುವ ನೀರಿನ ತಳದ ಬಂಡೆಯಲ್ಲೇ ಸಾಲು ಸಾಲು ಲಿಂಗಗಳನ್ನು ಕೆತ್ತಿದ್ದಾರೆ. ಕೆಳಗಿನ ಗದ್ದೆಗೆ ಹೋಗುವ ನೀರು ಲಿಂಗಗಳನ್ನು ತೊಳೆದೇ ಹೋಗಬೇಕು.

ಗ್ರೋಲಿಯೇನ ವಾದಕ್ಕೆ ವಿರೋಧ ಬರಲು ತಡವಾಗಲಿಲ್ಲ. 1980ರ ಹೊತ್ತಿಗೆ ವಾನ್ ಲೀರೆ ಎಂಬ ಡಚ್ ನೀರಾವರಿ ತಜ್ಞ, ಈ ಕೆರೆಗಳಿಂದ ಹೊಲಕ್ಕೆ ಹೋಗುವ ಹಂಚಿಕೆ ಕಾಲುವೆಗಳೇ ಕಾಣುವುದಿಲ್ಲ, ಆದ್ದರಿಂದ ಇವು ದೇವರ ಕೆರೆಗಳೇ ಹೊರತು ರೈತರ ಕೆರೆಗಳಲ್ಲ ಎಂದ. ವಾದ ಸುಮಾರು ಎರಡು ದಶಕ ಹಾಗೇ ನಿಂತಿತು. ನಡುವೆ ಕಾಂಬೋಡಿಯಾ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಗಂಟು ಬಿಡಿಸಿದ್ದು ಆಕಾಶದಿಂದ ತೆಗೆದ ಚಿತ್ರಗಳು. ರೇಡಾರ್ ಚಿತ್ರ ಮತ್ತು ನೆಲದ ಸಮೀಕ್ಷೆ ಎರಡನ್ನೂ ಬಳಸಿ 2007ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಅಂಕೋರ್ ಎಂದರೆ ಕೆಲವು ಗೋಡೆಗಳೊಳಗಿನ ಊರಲ್ಲ, ಸುಮಾರು ಸಾವಿರ ಚದರ ಕಿಲೋಮೀಟರಿಗೆ ಹರಡಿದ, ಮನೆ, ಗದ್ದೆ, ಗುಡಿ, ಹೊಂಡ ಎಲ್ಲ ಬೆರೆತ ವಿರಳ ನಗರ ಎಂಬುದು ಕಂಡಿತು. ಬರಾಯ್‌ಗಳಿಗೆ ನೀರು ಬರುವ ದಾರಿಯೂ ಹೊರಹೋಗುವ ದಾರಿಯೂ ಗೋಚರಿಸಿದವು. 2012 ಮತ್ತು 2015ರಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಬೆಳಕು ಬಿಟ್ಟು ಕಾಡಿನ ಎಲೆಗಳ ಕೆಳಗಿನ ನೆಲವನ್ನೇ ಅಳೆದ ಲೈಡಾರ್ ಸಮೀಕ್ಷೆ ಉಳಿದ ಅನುಮಾನವನ್ನು ಬಹುಮಟ್ಟಿಗೆ ತೀರಿಸಿತು. 2021ರ ಒಂದು ಲೆಕ್ಕಾಚಾರದಂತೆ ಹದಿಮೂರನೇ ಶತಮಾನದಲ್ಲಿ ಇಲ್ಲಿ ಏಳರಿಂದ ಒಂಬತ್ತು ಲಕ್ಷ ಜನ ಇದ್ದಿರಬಹುದು. ದೇವರ ಕೆರೆಯೋ ರೈತರ ಕೆರೆಯೋ ಎಂಬ ಪ್ರಶ್ನೆಯೇ ತಪ್ಪಾಗಿ ಕೇಳಿದ್ದು ಎಂದು ನನಗನಿಸುತ್ತದೆ. ಕೆರೆಗೆ ಬಾಗಿನ ಕೊಡುವ ನಾಡಿನವರಿಗೆ ಎರಡೂ ಒಂದೇ ಕೆರೆ ಆಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಇದೇ ಕಣ್ಣಿನಿಂದ ವಿಜಯಪುರವನ್ನು ನೋಡೋಣ. ಇಲ್ಲಿ ಕಾಡಿಲ್ಲ, ಲೈಡಾರಿನ ಅಗತ್ಯವೂ ಅಷ್ಟಿಲ್ಲ; ಬೇಕಾದದ್ದು ಕಮಾನುಗಳಿಂದ ಕಣ್ಣು ಕೆಳಗಿಳಿಸುವುದು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯೂ ಖಾತ್ರಿಯಿಲ್ಲದ, ಕಪ್ಪು ಬಸಾಲ್ಟ್ ಬಂಡೆಯ ಮೇಲಿನ ಊರು ಇದು. ಹತ್ತಿರದ ಹೊಳೆ ಡೋಣಿ. ಟಿಕೋಟಾ, ಬಬಲೇಶ್ವರ ಸೀಮೆಯ ಎರೆಹೊಲಗಳಲ್ಲಿ ಜೋಳ ಬೆಳೆಸಲು ಅದರಷ್ಟು ಒಳ್ಳೆಯ ಹೊಳೆ ಇಲ್ಲ, ಕುಡಿಯಲು ಅದರಷ್ಟು ಕೆಟ್ಟದ್ದೂ ಇಲ್ಲ, ನೀರು ಸವಳು. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ಇಂಥ ಜಾಗದಲ್ಲಿ ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಕಟ್ಟಿ, ಅದರೊಳಗೂ ಹೊರಗೂ ಲಕ್ಷಗಟ್ಟಲೆ ಜನ ಇಟ್ಟುಕೊಂಡು ಸುಮಾರು ಇನ್ನೂರು ವರ್ಷ ರಾಜ್ಯ ಆಳುವುದೆಂದರೆ ಅದು ಮೊದಲು ನೀರಿನ ಲೆಕ್ಕ, ಆಮೇಲೆ ಕತ್ತಿಯ ಲೆಕ್ಕ. ಊರು ಆದಿಲ್‌ಶಾಹಿಗಳಿಗಿಂತ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಊರ ನಡುವಿನ ಒಳಕೋಟೆಯಾದ ಅರಕಿಲ್ಲೆಯಲ್ಲಿ ಸಿಕ್ಕಿವೆ. ಆದರೆ ಒಂದು ಸಾಧಾರಣ ಠಾಣ್ಯ ರಾಜಧಾನಿಯಾಗಿ ಹಿಗ್ಗಿದ್ದು ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, 1558ರಿಂದ 1580ರ ನಡುವೆ. ಕೋಟೆಗೋಡೆ, ಜಾಮಿ ಮಸೀದಿ, ಗಗನ ಮಹಲ್ ಎಲ್ಲ ಅವನವು. ಹಾಗೆಯೇ ಅವನ ರಾಣಿ ಚಾಂದ್‌ಬೀಬಿಯ ಹೆಸರಿನ ಚಾಂದ್ ಬಾವಡಿ ಮತ್ತು ತೊರವಿಯಿಂದ ನೀರು ತಂದ ಸುರಂಗ.

ತೊರವಿ ಊರಿನ ಪಶ್ಚಿಮಕ್ಕಿದೆ, ನೆಲ ಅಲ್ಲಿಂದ ನಗರದ ಕಡೆ ಇಳಿಯುತ್ತದೆ. ಈ ಇಳಿಜಾರನ್ನೇ ನಂಬಿ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಯಂಥ ಕಿಂಡಿಗಳನ್ನು ಬಿಟ್ಟು, ನೀರನ್ನು ಕೋಟೆಯವರೆಗೆ ತಂದರು. ಇದು ಇರಾನಿನ ಕರೇಜ್ ತಂತ್ರ. ಬೀದರಿನ ನೌಬಾದಿನಲ್ಲಿ ಇರುವುದೂ ಇದೇ ಬಳಗದ್ದು. ಮೇಲಿನಿಂದ ನೋಡಿದರೆ ಒಂದರ ಹಿಂದೊಂದು ಸಾಲಾಗಿ ನಿಂತ ಹಾಳು ಬಾವಿಗಳು, ಅಷ್ಟೇ. ಅವೆಲ್ಲ ಒಂದೇ ಬಾವಿ ಎಂದು ತಿಳಿಯಲು ಕೆಳಗಿಳಿದೇ ನೋಡಬೇಕು. ನೂರು ವರ್ಷದ ಹತ್ತಿರ ಕಳೆದು, ಊರು ಬೆಳೆದು ತೊರವಿಯ ನೀರು ಸಾಲದಾದಾಗ, ಮೊಹಮ್ಮದ್ ಆದಿಲ್‌ಶಾಹ 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆಯ ಕವಚ ಹಾಕಿ, ಜಾಗಕ್ಕೆ ತಕ್ಕಂತೆ 15ರಿಂದ 50 ಅಡಿ ಆಳದಲ್ಲಿ ಹೂತು ಊರಿಗೆ ನೀರು ತಂದರು. ದಾರಿಯುದ್ದಕ್ಕೂ ಎದ್ದಿರುವ ಚೌಕ ಗೋಪುರಗಳಿಗೆ ಊರಿನಲ್ಲಿ ಗಂಜ್ ಎನ್ನುತ್ತಾರೆ. ಕಾವಲು ಬುರುಜೆಂದು ತಿಳಿದವರೇ ಹೆಚ್ಚು. ಅದರ ಕೆಲಸ ಬೇರೆ. ಕೊಳವೆಯ ನೀರು ಗಂಜಿನೊಳಗೆ ಮೇಲೇರಿ ತೊಟ್ಟಿಯಲ್ಲಿ ತಂಗಿ, ಮತ್ತೆ ಕೆಳಗಿಳಿದು ಮುಂದೆ ಹೋಗುತ್ತದೆ. ಹಾಗೆ ತಂಗಿದಾಗ ಒತ್ತಡ ಇಳಿಯುತ್ತದೆ, ಮಣ್ಣಿನ ಕೊಳವೆ ಒಡೆಯುವುದಿಲ್ಲ, ಹೂಳು ತಳದಲ್ಲಿ ಕೂರುತ್ತದೆ. ಗೋಳಗುಮ್ಮಟದ ಭಾರ ಹೊರುವ ಕಮಾನುಗಳ ಜೋಡಣೆಯನ್ನು ಎಂಜಿನಿಯರುಗಳು ಹೊಗಳುವುದು ಸರಿಯೇ. ಅದೇ ಸುಲ್ತಾನನ ಕಾಲದ ಗಂಜನ್ನೂ ಅದೇ ಉಸಿರಿನಲ್ಲಿ ಹೊಗಳಬೇಕು.

ಕೋಟೆಯೊಳಗೆ ಬಂದ ನೀರು ಎಲ್ಲೆಲ್ಲಿ ಹೋಯಿತು? ಅರಕಿಲ್ಲೆಯ ಕಂದಕಕ್ಕೆ, ಅಸಾರ್ ಮಹಲಿನ ಮುಂದಿನ ಹೊಂಡಕ್ಕೆ, ಸಾತ್ ಮಂಜಿಲಿನ ಮಹಡಿಗಳಿಗೆ. 1916ರಲ್ಲಿ ವಿಜಯಪುರದ ಕಟ್ಟಡಗಳ ಮೇಲೆ ದೊಡ್ಡ ಗ್ರಂಥ ತಂದ ಹೆನ್ರಿ ಕಸಿನ್ಸ್ ಸಾತ್ ಮಂಜಿಲಿನ ಮೇಲಂತಸ್ತುಗಳಲ್ಲೂ ನೀರಿನ ಕೊಳವೆ, ಸ್ನಾನದ ತೊಟ್ಟಿಗಳ ಗುರುತು ಕಂಡಿದ್ದಾನೆ. ಊರಿನಿಂದ ಪೂರ್ವಕ್ಕೆ ಕುಮಟಗಿಯಲ್ಲಿ ಕೆರೆಯ ನೀರನ್ನು ಕೊಳವೆಯಲ್ಲಿ ತಂದು ಮೇಲಿಂದ ತುಂತುರಾಗಿ ಸುರಿಸುವ ಮಂಟಪಗಳನ್ನೇ ಕಟ್ಟಿದ್ದರು, ಬೇಸಿಗೆಯ ವಿಲಾಸಕ್ಕೆ. ಇಲ್ಲಿಗೆ ಒಂದು ಆಕ್ಷೇಪ ಏಳಬೇಕು, ಎದ್ದೇ ಏಳುತ್ತದೆ. ಇದೆಲ್ಲ ಸುಲ್ತಾನನ ಶೋಕಿ, ಬಡವನ ಕೊಡಕ್ಕೂ ಇದಕ್ಕೂ ಏನು ಸಂಬಂಧ ಎಂದು. ಕುಮಟಗಿಯ ಮಟ್ಟಿಗೆ ಈ ಆಕ್ಷೇಪ ಪೂರ್ತಿ ನಿಜ, ಅಲ್ಲಿ ಸಮರ್ಥನೆಗೆ ಹೋಗುವುದು ವ್ಯರ್ಥ. ಆದರೆ ಇಡೀ ವ್ಯವಸ್ಥೆಗೆ ಅದು ಹೊಂದುವುದಿಲ್ಲ. ಆದಿಲ್‌ಶಾಹಿ ಸೇನಾಪತಿ ಅಫ್ಜಲ್‌ಖಾನ್ ಕಟ್ಟಿಸಿದ ನೀರಿನ ಕಾಮಗಾರಿಯೊಂದರ ಶಾಸನ ಅದನ್ನು ಜನರ ಅನುಕೂಲಕ್ಕಾಗಿ ಕಟ್ಟಿದೆ ಎಂದೇ ಹೇಳುತ್ತದೆ, ಅದರ ನೀರು ಕುಡಿದವರು ರಾಜ್ಯದ ಒಳಿತಿಗೆ ಪ್ರಾರ್ಥಿಸಲಿ ಎಂದು ಕೋರುತ್ತದೆ. ಶಾಸನದ ಮಾತನ್ನು ಪೂರಾ ನಂಬಬೇಕಿಲ್ಲ; ಎಲ್ಲ ರಾಜರೂ ಕಲ್ಲಿನ ಮೇಲೆ ಪ್ರಜಾವತ್ಸಲರೇ. ಬಾವಡಿಗಳು ಎಲ್ಲೆಲ್ಲಿವೆ ನೋಡಿದರೆ ಸಾಕು. ಇಬ್ರಾಹಿಂಪುರ ಬಾವಡಿ, ನಗರ ಬಾವಡಿ, ಮಾಸ್ ಬಾವಡಿ, ಲಂಗರ್ ಬಾವಡಿ, ಅಲಿಖಾನ್ ಬಾವಡಿ, ಸೋನಾರ್ ಬಾವಡಿ: ಇವು ಅರಮನೆಯ ಆವರಣದಲ್ಲಿ ಗುಂಪುಗೂಡಿಲ್ಲ, ಓಣಿಗಳ ನಡುವೆ ಚೆದುರಿವೆ. ತಾಜ್ ಬಾವಡಿಯ ಅಕ್ಕಪಕ್ಕದ ಪಡಸಾಲೆಗಳು ಪ್ರಯಾಣಿಕರು ತಂಗಲೆಂದೇ ಕಟ್ಟಿದವು. ಬಾದಶಹನೊಬ್ಬನ ಬಾಯಾರಿಕೆಗೆ ಇಷ್ಟು ನೀರು ಬೇಕಾಗಿರಲಿಲ್ಲ.

ಇನ್ನೊಂದು ಸಾಕ್ಷಿ ಊರಿನ ಹೊರಗಿದೆ. ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ದೊಡ್ಡ ಕೆರೆ 1633ರದ್ದು. 1630ರಿಂದ 1632ರವರೆಗೆ ದಖ್ಖನ್ ಮತ್ತು ಗುಜರಾತನ್ನು ಕಾಡಿದ ಬರ ಚರಿತ್ರೆಯ ಭೀಕರ ಬರಗಳಲ್ಲೊಂದು. ಬರ ಮುಗಿದ ಮರುವರ್ಷವೇ ಕೃಷಿಗೆ ಒದಗುವ ಒಂದು ಭಾರಿ ಕೆರೆ ಎದ್ದದ್ದು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. ಸುಲ್ತಾನ ಉದಾರಿಯಾಗಿದ್ದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಹೊಲ ಬೆಳೆಯದಿದ್ದರೆ ಕಂದಾಯ ಬರುವುದಿಲ್ಲ, ಕಂದಾಯ ಬರದಿದ್ದರೆ ಗುಮ್ಮಟ ಏಳುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು ಎಂದಷ್ಟೇ ಅರ್ಥ. ಖ್ಮೇರ್ ರಾಜರು ಪಟ್ಟವೇರಿದ ಕೂಡಲೇ ಮೊದಲು ಕೆರೆ, ಆಮೇಲೆ ಹಿರಿಯರಿಗೆ ಗುಡಿ, ಕೊನೆಗೆ ತಮ್ಮ ಹೆಸರಿನ ಬೆಟ್ಟದಂಥ ದೇವಾಲಯ ಎಂಬ ಕ್ರಮ ಪಾಲಿಸುತ್ತಿದ್ದುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಮೊಹಮ್ಮದನ ಆಳ್ವಿಕೆಯಲ್ಲಿ ಮಮದಾಪುರದ ಕೆರೆ ಮೊದಲಿಗೆ, ಗುಮ್ಮಟ ಅವನ ಮರಣದ ಹೊತ್ತಿಗೆ, 1656ರಲ್ಲಿ. ಎರಡು ನಾಡುಗಳ ನಡುವೆ ನೇರ ಸಂಬಂಧ ಏನೂ ಇಲ್ಲ. ಮಳೆಯನ್ನು ನಂಬಿ ರಾಜ್ಯ ಕಟ್ಟುವವರೆಲ್ಲ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಬೇಕಾಗುತ್ತದೆ.

ಈಗ ವಾದದ ಕಠಿಣ ಭಾಗ. ವಿಜಯಪುರ ಹಾಳಾದದ್ದು ನೀರಿನಿಂದಲ್ಲ, ಔರಂಗಜೇಬನಿಂದ. ಇದು ಶಾಲೆಯ ಮಕ್ಕಳಿಗೂ ಗೊತ್ತು. 1685ರ ವಸಂತದಲ್ಲಿ ಶುರುವಾದ ಮುತ್ತಿಗೆ 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾಗುವುದರೊಂದಿಗೆ ಮುಗಿಯಿತು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಹಿಂದಿನ ಒಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1665ರ ಕೊನೆಗೆ ಮೊಘಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಗ್ ಕೋಟೆಯಿಂದ ಕೆಲವೇ ಹರದಾರಿ ದೂರಕ್ಕೆ ಬಂದು ನಿಂತಿದ್ದ. ಎರಡನೇ ಅಲಿ ಆದಿಲ್‌ಶಾಹ ಕೋಟೆಯ ಸುತ್ತ ಆರು ಮೈಲಿ ಪ್ರದೇಶವನ್ನು ಬರಿದು ಮಾಡಿಸಿದ. ನೌರಸ್‌ಪುರ ಮತ್ತು ಶಹಾಪುರ ಎಂಬ ಹೊರ ಊರುಗಳ ಕೆರೆಗಳನ್ನು ಒಡೆದು ಖಾಲಿ ಮಾಡಿಸಿದ, ಬಾವಿಗಳನ್ನು ಮುಚ್ಚಿಸಿದ, ಮರ ಕಡಿಸಿದ. ಮುತ್ತಿಗೆಯ ಭಾರಿ ತೋಪುಗಳನ್ನು ತರದೆ ಬಂದಿದ್ದ ಜಯಸಿಂಗ್, ಕುಡಿಯುವ ನೀರೂ ಮೇವೂ ಇಲ್ಲದೆ 1666ರ ಆರಂಭದಲ್ಲಿ ಹಿಂದೆ ಸರಿದ. ಊರನ್ನು ಆ ಬಾರಿ ಉಳಿಸಿದ್ದರಲ್ಲಿ ಬುರುಜಿನಷ್ಟೇ ಪಾಲು ಬಾವಿಗಳದ್ದು. ಒಳಗೆ ನೀರು ಇತ್ತು, ಹೊರಗೆ ಇರಲಿಲ್ಲ. ಮಲಿಕ್-ಎ-ಮೈದಾನ್ ತೋಪಿನ ಎದುರು ನಿಂತು ಫೋಟೊ ತೆಗೆಸಿಕೊಳ್ಳುವಾಗ ಇದು ನೆನಪಾಗುವುದಿಲ್ಲ, ಯಾಕೆಂದರೆ ಮುಚ್ಚಿಹೋದ ಬಾವಿಯ ಪಕ್ಕ ಫಲಕ ಹಾಕುವ ರೂಢಿ ನಮಗಿಲ್ಲ.

1686ರ ನಂತರ ನಡೆದದ್ದು ಇನ್ನೂ ಮುಖ್ಯ. ಗೆದ್ದವರು ಊರನ್ನು ಸುಟ್ಟು ನೆಲಸಮ ಮಾಡಲಿಲ್ಲ. ಅರಮನೆಯ ಚಿತ್ರಗಳನ್ನು ಅಳಿಸಿದ್ದು ಬಿಟ್ಟರೆ ಕಟ್ಟಡಗಳು ಬಹುಪಾಲು ನಿಂತೇ ಇದ್ದವು. ರಾಜಧಾನಿಯ ಪಟ್ಟ ಹೋಯಿತು, ದರಬಾರು ಕರಗಿತು, ಎರಡು ಮೂರು ವರ್ಷದಲ್ಲಿ ಪ್ಲೇಗು ಬಂದು ಜನಸಂಖ್ಯೆಯ ಅರ್ಧದಷ್ಟನ್ನು ಒಯ್ದಿತೆನ್ನುತ್ತಾರೆ. ಆಮೇಲೆ ಕೆಲವು ವರ್ಷ ಕಳೆದು ಈ ಊರನ್ನು ಕಂಡ ಭೀಮಸೇನ ಎಂಬ ಕಾಯಸ್ಥ, ಮೊಘಲ್ ಸೇವೆಯಲ್ಲಿದ್ದು ಪಾರ್ಸಿಯಲ್ಲಿ ನೆನಪುಗಳನ್ನು ಬರೆದವನು, ನಗರವೂ ನೌರಸ್‌ಪುರವೂ ಬಿಕೋ ಎನ್ನುತ್ತಿದ್ದವೆಂದು ಹೇಳಿ, ಹಿಂದೆ ಸಮೃದ್ಧವಾಗಿದ್ದ ಬಾವಿಗಳ ನೀರು ಕೂಡ ಹಠಾತ್ತನೆ ಕಡಿಮೆಯಾಯಿತೆಂದು ದಾಖಲಿಸಿದ್ದಾನೆ. ಜದುನಾಥ ಸರ್ಕಾರರ ಔರಂಗಜೇಬನ ಚರಿತ್ರೆಯಲ್ಲಿ ಈ ಮಾತು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲಿ ಅಲ್ಲಿದೆ. ಆ ಕಾಲದವರು ಇದನ್ನು ದೈವಕೋಪ ಎಂದುಕೊಂಡಿರಬಹುದು: ದೊರೆ ಹೋದ, ಗಂಗೆಯೂ ಹೋದಳು. ಮೇಲೆ ಹೇಳಿದ ಸುರಂಗ, ಕೊಳವೆ, ಗಂಜುಗಳ ಕೆಲಸ ಬಲ್ಲವರಿಗೆ ದೈವವನ್ನು ಕರೆಯುವ ಅಗತ್ಯ ಬೀಳುವುದಿಲ್ಲ. ಸುರಂಗದ ಹೂಳು ತೆಗೆಯುವವನಿಗೆ ಸಂಬಳ ನಿಂತರೆ ಎರಡು ಮಳೆಗಾಲದಲ್ಲಿ ಸುರಂಗ ಕಟ್ಟಿಕೊಳ್ಳುತ್ತದೆ. ಗಂಜಿನ ತಳದ ಕೆಸರು ತೆಗೆಯದಿದ್ದರೆ ಕೊಳವೆ ತುಂಬುತ್ತದೆ. ಕೆರೆಯ ಏರಿಯ ಬಿರುಕಿಗೆ ಮಣ್ಣು ಹಾಕುವವರಿಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಕೆರೆ ನಿಲ್ಲದಿದ್ದರೆ ಕೆಳಗಿನ ಬಾವಿಗಳ ಸೆಲೆ ಸೋಲುತ್ತದೆ. ಮಳೆ ಎಂದಿನಂತೆ ಬಂದಿದ್ದರೂ ಬಾವಡಿ ಬತ್ತಲು ಇಷ್ಟು ಸಾಕು.

ಈ ಸರಪಳಿಯನ್ನು ನಾನು ಊಹೆಯಿಂದ ಹೆಣೆಯುತ್ತಿದ್ದೇನೆ ಎನ್ನಬಹುದು. ಭಾಗಶಃ ಹೌದು, ಆ ವರ್ಷಗಳ ಹೂಳು ಕೆಲಸಗಾರರ ಲೆಕ್ಕಪುಸ್ತಕ ನನ್ನ ಮುಂದಿಲ್ಲ. ಆದರೆ ಅಂಕೋರಿನಲ್ಲಿ ಇದೇ ಪ್ರಶ್ನೆಗೆ ಕೆಸರಿನ ಪದರಗಳಿಂದಲೇ ಉತ್ತರ ತೆಗೆದಿದ್ದಾರೆ, ಅದು ಇಲ್ಲಿಗೂ ಬೆಳಕು ಕೊಡುತ್ತದೆ. ವಿಯೆಟ್ನಾಮಿನ ಹಳೆಯ ಮರಗಳ ವಾರ್ಷಿಕ ಉಂಗುರಗಳನ್ನು ಓದಿ 2010ರಲ್ಲಿ ಪ್ರಕಟವಾದ ಅಧ್ಯಯನ, ಹದಿನಾಲ್ಕನೇ ಶತಮಾನದ ನಡುಭಾಗದಲ್ಲಿ ದಶಕಗಟ್ಟಲೆ ಬರ, ಹದಿನೈದನೆಯದರ ಆರಂಭದಲ್ಲಿ ಇನ್ನೊಂದು ತೀವ್ರ ಬರ, ಇವುಗಳ ನಡುವೆ ಅತಿವೃಷ್ಟಿ ಇತ್ತೆಂದು ತೋರಿಸಿತು. ಬರಕ್ಕೆ ಹೊಂದಿಸಿಕೊಂಡ ಕಾಲುವೆ ಜಾಲದ ಮೇಲೆ ಪ್ರವಾಹ ಅಪ್ಪಳಿಸಿ, ಒಂದು ಕಡೆ ಕೊರೆದು ಇನ್ನೊಂದು ಕಡೆ ಮರಳು ತುಂಬಿ, ಒಂದರ ಸೋಲು ಮುಂದಿನದನ್ನೂ ಎಳೆದುಕೊಂಡು ಹೋಯಿತು ಎಂದು 2018ರ ಅಧ್ಯಯನ ವಿವರಿಸಿತು. ಅಲ್ಲಿಗೆ ಹವಾಮಾನವೇ ಆರೋಪಿ ಎಂಬಂತಾಯಿತು. ಮರುವರ್ಷ ಅದೇ ಬಳಗದ ವಿಜ್ಞಾನಿಗಳು ಅಂಕೋರಿನ ಗೋಡೆಯೊಳಗಿನ ನಗರವಾದ ಅಂಕೋರ್ ಥೋಮ್ ಕಂದಕದ ತಳದಿಂದ ಕೆಸರಿನ ಕಂಬ ತೆಗೆದು ಪರೀಕ್ಷಿಸಿದಾಗ ಚಿತ್ರ ಬದಲಾಯಿತು. ನಗರದ ನಡುವಿನ ಜನವಸತಿ, ಕೃಷಿ, ಮರ ಕಡಿತ ಎಲ್ಲವೂ ಹದಿನಾಲ್ಕನೇ ಶತಮಾನದ ಮೊದಲ ದಶಕಗಳಿಂದಲೇ ನಿಧಾನವಾಗಿ ಇಳಿಯುತ್ತಿದ್ದವು. ಶತಮಾನದ ಕೊನೆಗೆ ಕಂದಕದ ತುಂಬ ಜೊಂಡು ಬೆಳೆದಿತ್ತು, ಅಂದರೆ ಅದನ್ನು ತೆಗೆಯುವವರು ಇರಲಿಲ್ಲ. ಸಿರಿವಂತರೂ ಅಧಿಕಾರಿಗಳೂ ದಕ್ಷಿಣದ ವ್ಯಾಪಾರಿ ಊರುಗಳ ಕಡೆ ಮುಖ ಮಾಡಿದ್ದರು. 1431ರ ದಾಳಿ ಬಂದದ್ದು ಆಗಲೇ ಖಾಲಿಯಾಗುತ್ತಿದ್ದ ಊರಿನ ಮೇಲೆ.

ವ್ಯತ್ಯಾಸವನ್ನು ಮುಚ್ಚಿಡುವುದು ಬೇಡ. ಅಂಕೋರಿನಲ್ಲಿ ಆರೈಕೆ ಮೊದಲು ಸೋತು, ಪ್ರಕೃತಿ ಆ ಸೋಲನ್ನು ದೊಡ್ಡದು ಮಾಡಿ, ಕೊನೆಗೆ ಶತ್ರು ಬಂದ. ವಿಜಯಪುರದಲ್ಲಿ ಮೊದಲು ಶತ್ರು, ಆಮೇಲೆ ಪ್ಲೇಗು, ಅದರ ಹಿಂದೆ ಆರೈಕೆಯ ಸೋಲು. ಒಂದು ನೂರು ವರ್ಷ ತೆಗೆದುಕೊಂಡಿತು, ಇನ್ನೊಂದಕ್ಕೆ ಹತ್ತು ವರ್ಷ ಸಾಕಾಯಿತು. ಅಲ್ಲಿ ಭತ್ತದ ಸೀಮೆ, ವರ್ಷಕ್ಕೆ ಇಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಮಳೆ. ಇಲ್ಲಿ ಜೋಳದ ಸೀಮೆ. ಅಲ್ಲಿ ನೀರು ಹೆಚ್ಚಾದಾಗಿನ ಚಿಂತೆಯೂ ಇತ್ತು, ಇಲ್ಲಿ ಹೆಚ್ಚಾಗುವುದೇ ಅಪರೂಪ. ಇಷ್ಟು ಬೇರೆಯಾದ ಎರಡು ಊರುಗಳಲ್ಲಿ ಒಂದು ಅಂಶ ಮಾತ್ರ ಸಮಾನವಾಗಿ ಉಳಿಯುವುದರಿಂದಲೇ ಹೋಲಿಕೆಗೆ ಬೆಲೆ ಬರುತ್ತದೆ. ಕಲ್ಲಿನ ಕಟ್ಟಡ ಕಟ್ಟಿದ ಮೇಲೆ ಯಾರ ಹಂಗೂ ಇಲ್ಲದೆ ನಿಲ್ಲಬಲ್ಲದು. ಬಂಡೆಯ ಮೇಲೆ ಕೂತ ಗೋಳಗುಮ್ಮಟ ಮುನ್ನೂರು ವರ್ಷ ಬಹುಮಟ್ಟಿಗೆ ಹಾಗೇ ನಿಂತಿತ್ತು, ಬಾಯೋನಿನ ಮುಖಗಳು ಕಾಡಿನೊಳಗೂ ನಕ್ಕವು. ನೀರಿನ ವ್ಯವಸ್ಥೆ ಮಾತ್ರ ಪ್ರತಿ ವರ್ಷ ಹೊಸದಾಗಿ ಕಟ್ಟಿಸಿಕೊಳ್ಳುವ ಸಂಸಾರ. ಆದ್ದರಿಂದ ಗುಮ್ಮಟ ನೋಡಿದರೆ ರಾಜ್ಯ ಉಚ್ಛ್ರಾಯದಲ್ಲಿದ್ದ ಒಂದು ಕ್ಷಣ ಕಾಣುತ್ತದೆ. ಬಾವಡಿಯ ತಳದ ಹೂಳಿನಲ್ಲಿ ರಾಜ್ಯ ದಿನವೂ ಹೇಗೆ ನಡೆಯುತ್ತಿತ್ತು, ಯಾವ ದಿನ ನಿಂತಿತು ಎಂಬ ಲೆಕ್ಕ ಪದರ ಪದರವಾಗಿ ಕೂತಿರುತ್ತದೆ. ಅಂಕೋರ್ ಥೋಮ್ ಕಂದಕದಲ್ಲಿ ಮಾಡಿದ್ದನ್ನು ಅರಕಿಲ್ಲೆಯ ಕಂದಕದಲ್ಲಿ, ಬೇಗಂ ತಲಾಬಿನ ತಳದಲ್ಲಿ ಮಾಡಲು ಯಾವ ಅಡ್ಡಿಯೂ ಕಾಣುವುದಿಲ್ಲ. ಒಂದೇ ಎಚ್ಚರ: ಹೂಳೆತ್ತುವ ಉತ್ಸಾಹದಲ್ಲಿ ಜೆಸಿಬಿ ಇಳಿಸಿ ಎಲ್ಲವನ್ನೂ ಬಾಚಿ ಲಾರಿಗೆ ತುಂಬಿದರೆ ಚರಿತ್ರೆಯೂ ಅದರೊಂದಿಗೆ ಹೋಗುತ್ತದೆ.

ಈಗಿನ ವಿಜಯಪುರಕ್ಕೆ ಇದೆಲ್ಲ ಯಾಕೆ ಎಂಬುದು ಕೊನೆಯ ಆಕ್ಷೇಪ, ಬಲವಾದದ್ದೂ ಅದೇ. ಊರಿಗೆ ನೀರು ಕೊಲ್ಹಾರದ ಬಳಿಯ ಆಲಮಟ್ಟಿ ಹಿನ್ನೀರಿನಿಂದ ಪಂಪಿನಲ್ಲಿ ಬರುತ್ತದೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು ಕೃಷ್ಣೆಯನ್ನು ಬೆಟ್ಟದೆತ್ತರಕ್ಕೆ ಎತ್ತಿ ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೂ ಒಣಗಿದ ಕೆರೆಗಳಿಗೂ ಹರಿಸಿವೆ. ಸುಲ್ತಾನರಿಗೆ ಕನಸಿನಲ್ಲೂ ಸಾಧ್ಯವಿಲ್ಲದ್ದು ಇದು. ಮಣ್ಣಿನ ಕೊಳವೆಯನ್ನು ಮತ್ತೆ ಜೋಡಿಸಿ ಬೇ​ಗಂ ತಲಾಬಿನ ನೀರನ್ನು ಗಂಜಿನ ಮೂಲಕ ಹರಿಸೋಣ ಎನ್ನುವುದು ಹುಚ್ಚು; ಹಾಗೆ ನಾನು ಹೇಳುತ್ತಿಲ್ಲ. ಆದರೆ ಪಂಪಿನ ನೀರೂ ಆರೈಕೆಯಿಂದ ಬಿಡುಗಡೆ ಪಡೆದ ನೀರಲ್ಲ. ವಿದ್ಯುತ್ತಿನ ಬಿಲ್ಲು, ಒಡೆದ ಪೈಪು, ಬತ್ತಿದ ಜಲಾಶಯ ಯಾವುದಾದರೂ ಒಂದು ಕೈಕೊಟ್ಟರೆ ಓಣಿಯ ನಲ್ಲಿ ನಿಲ್ಲುತ್ತದೆ, ಆಗ ಊರು ಓಡುವುದು ಬೋರ್‌ವೆಲ್‌ಗೆ. ಬೋರ್‌ವೆಲ್‌ಗೆ ನೀರು ಎಲ್ಲಿಂದ ಬರಬೇಕು? ಬಂಡೆಯ ಬಿರುಕುಗಳಿಗೆ ನೀರಿಳಿಸಲು ಆ ಹಳೆಯ ಕೆರೆ ಬಾವಡಿಗಳಿಗಿಂತ ಒಳ್ಳೆಯ ಜಾಗಗಳನ್ನು ಊರಿನೊಳಗೆ ಹೊಸದಾಗಿ ಹುಡುಕುವುದು ಸುಲಭವಲ್ಲ.

ಅಂಕೋರಿನ ಪಕ್ಕದ ಸಿಯೆಂ ರೀಪ್ ಪಟ್ಟಣ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ಪ್ರವಾಸಿಗರಿಗಾಗಿ ಎದ್ದ ಹೋಟೆಲುಗಳು ನೆಲದಡಿಯ ನೀರನ್ನು ಎಳೆಯತೊಡಗಿದಾಗ ಆತಂಕವಾದದ್ದು ದೇವಾಲಯಗಳ ಬಗ್ಗೆ. ಅಂಕೋರ್ ವಾಟ್ ನಿಂತಿರುವುದು ಬಂಡೆಯ ಮೇಲಲ್ಲ, ಮರಳಿನ ಮೇಲೆ. ಆ ಮರಳು ತೇವವಿದ್ದಷ್ಟು ಕಾಲ ಗಟ್ಟಿ. 190 ಮೀಟರ್ ಅಗಲದ ಅದರ ಕಂದಕ ನೆಲದ ತೇವವನ್ನು ಕಾಯುವ ಏರ್ಪಾಟೂ ಹೌದು. 2009ರಿಂದ 2011ರವರೆಗೆ ಪ್ರವಾಹಗಳು ಪಟ್ಟಣವನ್ನು ಮುಳುಗಿಸಿದ ಮೇಲೆ, ಅಂಕೋರನ್ನು ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರ ಖ್ಮೇರ್ ಕಾಲದ ಕಾಲುವೆಗಳ ಹೂಳು ತೆಗೆಸಿತು. ಅದಕ್ಕೂ ಮೊದಲೇ ಏಳನೇ ಜಯವರ್ಮನ್ ಕಟ್ಟಿಸಿದ ಉತ್ತರದ ಬರಾಯ್‌ಗೆ ಮತ್ತೆ ನೀರು ಬಿಟ್ಟಿತ್ತು. ಎಂಟುನೂರು ವರ್ಷ ಹಳೆಯ ಕೆರೆ ಈಗ ಮಳೆಗಾಲದ ಹೆಚ್ಚುವರಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಕಂದಕಗಳಿಗೆ ಕೊಡುತ್ತದೆ. ಇದೇ ಆವರಣದ ತಾ ಪ್ರೋಮ್ ದೇವಾಲಯದಲ್ಲಿ ಎರಡು ದಶಕಗಳಿಂದ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡವೂ ಕೆಲಸ ಮಾಡಿದೆ, ಅದಕ್ಕೂ ಮುಂಚೆ 1986ರಿಂದ 1993ರವರೆಗೆ ಅಂಕೋರ್ ವಾಟ್‌ನಲ್ಲಿ ಮಾಡಿತ್ತು. ಗೋಳಗುಮ್ಮಟವನ್ನು ಕಾಯುವ ಇಲಾಖೆಯೂ ಅದೇ.

ಗೋಳಗುಮ್ಮಟ ಬಂಡೆಯ ಮೇಲಿರುವುದರಿಂದ ನೀರು ಇಳಿದರೂ ಅದು ಕುಸಿಯುವುದಿಲ್ಲ. ಬಹುಶಃ ಈ ನಿಶ್ಚಿಂತೆಯೇ ಇಲ್ಲಿ ನೀರಿನ ಪಳೆಯುಳಿಕೆಗಳನ್ನು ಎರಡನೇ ದರ್ಜೆಗೆ ತಳ್ಳಿತು. ಕಳೆದ ದಶಕದಲ್ಲಿ ತಾಜ್ ಬಾವಡಿ ಮತ್ತು ಊರಿನ ಇತರ ಕೆಲವು ಬಾವಡಿಗಳ ಹೂಳು ತೆಗೆಸಿದ್ದು ನಿಜವಾಗಿ ಒಳ್ಳೆಯ ಕೆಲಸ; ವಿಶ್ವ ಸ್ಮಾರಕ ನಿಧಿ 2020ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳನ್ನು ತನ್ನ ನಿಗಾ ಪಟ್ಟಿಗೆ ಸೇರಿಸಿತು. ಆದರೆ ಒಂದೊಂದೇ ಬಾವಡಿಯನ್ನು ಬಿಡಿ ಸ್ಮಾರಕದಂತೆ ತೊಳೆದು ಬೇಲಿ ಹಾಕುವುದು ಗುಮ್ಮಟ ನೋಡುವ ಕಣ್ಣಿನಿಂದಲೇ ಬಾವಿಯನ್ನೂ ನೋಡಿದಂತೆ. ತೊರವಿಯ ಸುರಂಗದ ಕಿಂಡಿಗಳಲ್ಲಿ ಎಷ್ಟು ಹೊಲದಲ್ಲಿವೆ, ಎಷ್ಟು ಬಡಾವಣೆಯ ಸೈಟಿನೊಳಗೆ ಬಂದಿವೆ. ಬೇಗಂ ತಲಾಬಿನಿಂದ ಹೊರಟ ಸಾಲಿನಲ್ಲಿ ಯಾವ ಗಂಜ್ ಯಾರ ಕಾಂಪೌಂಡಿನಲ್ಲಿದೆ. ಯಾವ ಬಾವಡಿಗೆ ಯಾವ ಕಡೆಯಿಂದ ಸೆಲೆ ಬರುತ್ತಿತ್ತು, ಈಗ ಅಲ್ಲಿ ಚರಂಡಿ ಸೇರುತ್ತಿದೆಯೇ: ಇವನ್ನು ಒಂದೇ ನಕ್ಷೆಯ ಮೇಲೆ ತಂದು, ಆ ನಕ್ಷೆಯನ್ನು ಕಟ್ಟಡ ಪರವಾನಿಗೆ ಕೊಡುವ ಮೇಜಿನ ಮೇಲೆ ಇಡಬೇಕು. ಅಂಕೋರಿಗೆ ಇಂಥ ನಕ್ಷೆ ಆಗಲು ವಿಮಾನ, ಲೇಸರು, ಮೂರು ದೇಶಗಳ ವಿದ್ವಾಂಸರು ಬೇಕಾದರು. ವಿಜಯಪುರದಲ್ಲಿ ಗಂಜುಗಳು ರಸ್ತೆಯ ಪಕ್ಕದಲ್ಲೇ ನಿಂತಿವೆ. ಒಬ್ಬ ಸರ್ವೆಯರ್, ಒಂದು ಬೇಸಿಗೆ ರಜೆಯ ಕಾಲೇಜು ಹುಡುಗರ ಗುಂಪು, ಮತ್ತು ತೊರವಿಯ ದಾರಿಯ ಹೊಲಗಳಲ್ಲಿ ಯಾವ ಬಾವಿ ಎಲ್ಲಿ ಬಾಯಿ ತೆರೆಯುತ್ತದೆಂದು ಬಲ್ಲ ಹಿರಿಯರು ಸಾಕು.